ಡೆಡ್‌ಲೈನ್: ಮುಟ್ಟಿದರೆ ಗುಂಡು ಹಾರುತ್ತಿದ್ದ ಗೆರೆ

ಅಮೆರಿಕದ ಜಾರ್ಜಿಯಾ ರಾಜ್ಯದ ಆಂಡರ್ಸನ್‌ವಿಲ್ ಎಂಬಲ್ಲಿ ಯುದ್ಧಕೈದಿಗಳ ಶಿಬಿರವೊಂದಿತ್ತು. ಅದನ್ನು ತಪಾಸಣೆ ಮಾಡಿದ ಕ್ಯಾಪ್ಟನ್ ವಾಲ್ಟರ್ ಬೋವಿ 1864ರ ಮೇ 10ರ ತನ್ನ ವರದಿಯಲ್ಲಿ ಒಂದು ಏರ್ಪಾಟನ್ನು ದಾಖಲಿಸಿದ. ಗೋಡೆಯ ಒಳಬದಿಗೆ, ಅದರಿಂದ 20 ಅಡಿ ದೂರದಲ್ಲಿ ಒಂದು ‘ಡೆಡ್ ಲೈನ್’ ಇದೆ, ಹಗಲಾಗಲಿ ರಾತ್ರಿಯಾಗಲಿ ಯಾವ ಕೈದಿಯೂ ಅದನ್ನು ದಾಟುವಂತಿಲ್ಲ, ದಾಟಿದರೆ ಗುಂಡೇಟು. ಇಂದು ಕಚೇರಿಯ ಈಮೇಲ್‌ಗಳಲ್ಲಿ, ಪರೀಕ್ಷೆ ಅರ್ಜಿಗಳಲ್ಲಿ, ಸುದ್ದಿಮನೆಗಳಲ್ಲಿ ಸಲೀಸಾಗಿ ಓಡಾಡುವ ಪದದ ಅತಿ ಹಳೆಯ ದಾಖಲೆಗಳಲ್ಲಿ ಇದೂ ಒಂದು.

ಆಗ ಅಮೆರಿಕದ ಅಂತರ್ಯುದ್ಧದ ನಾಲ್ಕನೇ ವರ್ಷ. ಉತ್ತರ ಮತ್ತು ದಕ್ಷಿಣದ ಪಡೆಗಳು ಕೈದಿಗಳನ್ನು ಪರಸ್ಪರ ಬಿಟ್ಟುಕೊಡಲು 1862ರಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ಉತ್ತರದ ಸೇನೆಯಲ್ಲಿದ್ದ ಕಪ್ಪು ಸೈನಿಕರನ್ನು ಯುದ್ಧಕೈದಿಗಳೆಂದು ಪರಿಗಣಿಸಲು ದಕ್ಷಿಣದವರು ಒಪ್ಪದೆ ಹೋದದ್ದರಿಂದ 1863ರಲ್ಲಿ ಅದು ಮುರಿದುಬಿತ್ತು. ಬಿಡುಗಡೆ ನಿಂತಿತು, ಸೆರೆ ಮಾತ್ರ ನಿಲ್ಲಲಿಲ್ಲ. ದಕ್ಷಿಣದವರು ಸುಮಾರು 10,000 ಜನರಿಗೆಂದು ಕಟ್ಟಿದ ಆಂಡರ್ಸನ್‌ವಿಲ್ ಶಿಬಿರಕ್ಕೆ 1864ರ ಫೆಬ್ರುವರಿಯಿಂದ ಕೈದಿಗಳು ಬರತೊಡಗಿದರು. ಆಗಸ್ಟ್ ಹೊತ್ತಿಗೆ ಅಲ್ಲಿ 32,000ಕ್ಕೂ ಹೆಚ್ಚು ಜನ, ಇದ್ದ ಜಾಗ 26 ಎಕರೆ ಚಿಲ್ಲರೆ. ಅಲ್ಲಿಗೆ ಬಂದ ಒಟ್ಟು ಸುಮಾರು 45,000 ಕೈದಿಗಳಲ್ಲಿ 13,000ದಷ್ಟು ಮಂದಿ ಹಸಿವು, ಆಮಶಂಕೆ, ಸ್ಕರ್ವಿ ರೋಗಗಳಿಂದ ಸತ್ತರು.

ಶಿಬಿರದ ನಡುವೆ ಒಂದು ಸಣ್ಣ ತೊರೆ ಹರಿಯುತ್ತಿತ್ತು. ಕುಡಿಯಲೂ ಅದೇ ನೀರು, ತೊಳೆಯಲೂ ಅದೇ ನೀರು. ತೊರೆ ಗೋಡೆಯಡಿಯಿಂದ ಒಳಬರುವ ಕಡೆಯಷ್ಟೇ ನೀರು ಸ್ವಲ್ಪ ತಿಳಿಯಾಗಿರುತ್ತಿತ್ತು, ಆದರೆ ಆ ಜಾಗ ಗೆರೆಯ ಅಂಚಿನಲ್ಲಿತ್ತು. ನೀರಿಗೆಂದು ಕೈ ಚಾಚಿದವರ ಮೇಲೆ ಗುಂಡು ಹಾರಿದ್ದನ್ನು ಬದುಕುಳಿದ ಕೈದಿಗಳು ಆಮೇಲೆ ವಿಚಾರಣೆಯಲ್ಲಿ ಸಾಕ್ಷಿ ನುಡಿದರು.

ಆ ವಿಚಾರಣೆ ನಡೆದದ್ದು ಒಳಶಿಬಿರದ ಮುಖ್ಯಸ್ಥ, ಸ್ವಿಟ್ಜರ್‌ಲೆಂಡ್ ಮೂಲದ ಹೆನ್ರಿ ವಿರ್ಟ್ಸ್ ಮೇಲೆ. ಯುದ್ಧ ಮುಗಿದ ಮೇಲೆ, 1865ರಲ್ಲಿ, ಸೇನಾ ಆಯೋಗದ ಮುಂದೆ ಇಟ್ಟ ದೋಷಾರೋಪ ಪಟ್ಟಿಯಲ್ಲಿ ಡೆಡ್‌ಲೈನಿನ ವಿವರಣೆ ಬರುತ್ತದೆ. ಈ ಪದದ ಇಡೀ ಚರಿತ್ರೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ ಭಾಗ ಇದು. ಗೆರೆಯ ಗುರುತಿಗೆ ಇದ್ದದ್ದು ಸಣ್ಣ ಗೂಟಗಳ ತಲೆಗೆ ಮೊಳೆ ಹೊಡೆದು ನಿಲ್ಲಿಸಿದ ಮರದ ಪಟ್ಟಿಗಳು. ಅವು ಭದ್ರವಾಗಿರಲಿಲ್ಲ, ಜಾಗ ಬಿಟ್ಟು ಸರಿದಾಡುತ್ತಿದ್ದವು. ಇನ್ನು ಅನೇಕ ಕಡೆ ಪಟ್ಟಿಯೂ ಇರಲಿಲ್ಲ, ಅಲ್ಲಿ ಗೆರೆ ಬರೀ ಕಾಲ್ಪನಿಕ ಎನ್ನುತ್ತದೆ ಆ ದೋಷಾರೋಪ ಪಟ್ಟಿ. ಅದನ್ನು ಮುಟ್ಟಿದವರಿಗೆ, ಅದರ ಮೇಲೆ ಬಿದ್ದವರಿಗೆ, ಅದರಡಿ ನುಸುಳಿದವರಿಗೆ ಗುಂಡಿಕ್ಕಲು ಕಾವಲಿನವರಿಗೆ ಆದೇಶವಿತ್ತು ಎಂಬುದು ಆರೋಪ. ಕಣ್ಣಿಗೆ ಕಾಣದ ಗೆರೆ ಎಲ್ಲಿದೆ ಎಂದು ಗೊತ್ತಿದ್ದವನು ಬಂದೂಕು ಹಿಡಿದವನೊಬ್ಬನೇ!

1865ರ ನವೆಂಬರ್ 10ರಂದು ವಿರ್ಟ್ಸ್‌ನನ್ನು ವಾಷಿಂಗ್ಟನ್‌ನಲ್ಲಿ, ಇವತ್ತು ಅಮೆರಿಕದ ಸುಪ್ರೀಂ ಕೋರ್ಟ್ ಇರುವ ಜಾಗದಲ್ಲಿದ್ದ ಸೆರೆಮನೆಯಲ್ಲಿ, ಗಲ್ಲಿಗೇರಿಸಿದರು. ಇಡೀ ದಕ್ಷಿಣದ ಪಾಪವನ್ನು ಅವನೊಬ್ಬನ ತಲೆಗೆ ಕಟ್ಟಲಾಯಿತು ಎನ್ನುವವರು ಆಗಲೂ ಇದ್ದರು, 1909ರಲ್ಲಿ ಆಂಡರ್ಸನ್‌ವಿಲ್ ಊರಿನಲ್ಲಿ ಅವನಿಗೆ ಸ್ಮಾರಕವೇ ಎದ್ದಿತು. ಇಂಥ ಗೆರೆಗಳು ಉತ್ತರದವರ ಸೆರೆಶಿಬಿರಗಳಲ್ಲೂ ಇದ್ದವು ಎಂಬುದನ್ನು ಮಾತ್ರ ಮರೆಯಬಾರದು. ಪದ ಎರಡೂ ಕಡೆಯ ಸೈನಿಕರ ಬಾಯಲ್ಲಿತ್ತು. ವಿಚಾರಣೆಯ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದರಿಂದ ಯುದ್ಧವನ್ನೇ ನೋಡದವರಿಗೂ ಅದು ಪರಿಚಯವಾಯಿತು.

ಆಮೇಲೆ ಪದ ಸೆರೆಮನೆಯಿಂದ ಹೊರಬಂತು. 1880ರಲ್ಲಿ ನ್ಯೂಯಾರ್ಕಿನ ಪೊಲೀಸ್ ಅಧಿಕಾರಿ ಥಾಮಸ್ ಬರ್ನ್ಸ್, ವಾಲ್ ಸ್ಟ್ರೀಟಿನ ಬ್ಯಾಂಕುಗಳನ್ನು ಕಳ್ಳರಿಂದ ಕಾಯಲು ಫುಲ್ಟನ್ ಸ್ಟ್ರೀಟನ್ನೇ ಡೆಡ್‌ಲೈನ್ ಎಂದು ಸಾರಿದ. ಅದರ ದಕ್ಷಿಣಕ್ಕೆ ಕಾಣಿಸಿಕೊಂಡ ಹಳೇ ಕಳ್ಳರನ್ನು ಅಲ್ಲೇ ಹಿಡಿಯುವುದು ರೂಢಿಯಾಯಿತು. ಪಶ್ಚಿಮದ ವಯೋಮಿಂಗ್‌ನಲ್ಲಿ ದನ ಸಾಕುವವರು ಕುರಿ ಮಂದೆಗಳಿಗೆ ಇದೇ ಹೆಸರಿನ ಗಡಿ ಹಾಕಿದರು, ಅದನ್ನು ದಾಟಿದ ಕುರಿಗಾಹಿಗಳ ಮೇಲೆ ಹಲ್ಲೆಗಳಾದವು, ಕೊಲೆಗಳೂ ಆದವು. ಇಲ್ಲೆಲ್ಲ ಡೆಡ್‌ಲೈನ್ ಇನ್ನೂ ನೆಲದ ಮೇಲಿನ ಗಡಿಯೇ.

ಕಾಲದ ಅರ್ಥ ಸೇರಿದ್ದು ಪತ್ರಿಕೆಗಳ ಲೋಕದಲ್ಲಿ. ಅಚ್ಚುಮೊಳೆಗಳ ಕಾಲದಲ್ಲಿ ಮುದ್ರಣಯಂತ್ರದ ಹಾಸಿನ ಮೇಲೆ ಒಂದು ಗೆರೆ ಗುರುತು ಮಾಡಿರುತ್ತಿದ್ದರು. ಅದರಾಚೆ ಕೂತ ಮೊಳೆ ಸರಿಯಾಗಿ ಅಚ್ಚಾಗುತ್ತಿರಲಿಲ್ಲ. ಮುದ್ರಕರು ಅದನ್ನೂ ಡೆಡ್‌ಲೈನ್ ಎಂದರು. ಸರಿಸುಮಾರು ಅದೇ ವರ್ಷಗಳಲ್ಲಿ, ಅಂದರೆ 1910ರ ದಶಕದಲ್ಲಿ, ಅಮೆರಿಕದ ವರದಿಗಾರರು ಸುದ್ದಿ ಒಪ್ಪಿಸುವ ಕಟ್ಟಕಡೆಯ ಹೊತ್ತಿಗೂ ಆ ಪದ ಬಳಸತೊಡಗಿದ್ದರು. ಯಂತ್ರದ ಗೆರೆಯಿಂದಲೇ ಗಡುವಿನ ಅರ್ಥ ಹುಟ್ಟಿತು ಎಂಬ ಮಾತು ಜನಪ್ರಿಯವಾಗಿದೆ. ನಾನು ಅದಕ್ಕೆ ಅಷ್ಟು ತೂಕ ಕೊಡುವುದಿಲ್ಲ. ದಾಟಿದವನಿಗೆ ಉಳಿಗಾಲವಿಲ್ಲದ ಗೆರೆ ಎಂಬ ಸೆರೆಮನೆಯ ಅರ್ಥ ಅಮೆರಿಕದ ಆಡುಮಾತಿನಲ್ಲಿ ಅಷ್ಟು ಹೊತ್ತಿಗೆ ಹರಡಿಯಾಗಿತ್ತು, ಗಂಟೆ ಮೀರಿದ ಸುದ್ದಿಗೆ ಅದನ್ನು ಅನ್ವಯಿಸಲು ಯಂತ್ರದ ನೆರವು ಬೇಕಿರಲಿಲ್ಲ. ಪುಟ ಕಟ್ಟಿ ಮುಗಿದ ಮೇಲೆ ಬಂದ ಸುದ್ದಿ ಆ ದಿನದ ಮಟ್ಟಿಗೆ ಸತ್ತಂತೆಯೇ ಅಲ್ಲವೇ?

ಪತ್ರಿಕೆಗಳಿಂದ ಅದು ಕಚೇರಿ, ಕಾರ್ಖಾನೆ, ಸರ್ಕಾರದ ಸುತ್ತೋಲೆಗಳವರೆಗೆ ಹಬ್ಬಿತು. ದೊಡ್ಡ ಇಂಗ್ಲಿಷ್ ನಿಘಂಟುಗಳು ಸೆರೆಮನೆಯ ಅರ್ಥವನ್ನು ಇಂದಿಗೂ ಕೈಬಿಟ್ಟಿಲ್ಲ. ಅರ್ಥ ಎಷ್ಟು ತಿರುಗಿದೆ ಎಂಬುದು ಅದರ ಜೊತೆ ಬರುವ ಕ್ರಿಯಾಪದಗಳಲ್ಲಿ ಕಾಣುತ್ತದೆ. ಆಂಡರ್ಸನ್‌ವಿಲ್‌ನಲ್ಲಿ ಗೆರೆ ನಿಂತಲ್ಲೇ ಇರುತ್ತಿತ್ತು, ಮನುಷ್ಯ ಅದರಿಂದ ದೂರ ಉಳಿಯಬೇಕಿತ್ತು, ಮುಟ್ಟಿದರೆ ಸಾವು. ಈಗಿನ ಇಂಗ್ಲಿಷಿನಲ್ಲಿ ಡೆಡ್‌ಲೈನ್ ತಾನೇ ನಮ್ಮತ್ತ ಬರುತ್ತದೆ, ಅದನ್ನು ‘ಮೀಟ್’ ಮಾಡಿದವನು ಗೆದ್ದ, ‘ಮಿಸ್’ ಮಾಡಿದವನು ಸೋತ. 1864ರ ಕೈದಿಯೊಬ್ಬನಿಗೆ ಈ ಎರಡೂ ಮಾತು ತಲೆಕೆಳಗಾಗಿ ಕೇಳಿಸುತ್ತಿದ್ದವು.