ಪದ ಪರಿಚಯ: ಲ್ಯಾಗ್

ಹೊಸ ಪಿಕ್ಚರ್ ಒಟಿಟಿಗೆ ಬಂದ ಮಾರನೇ ದಿನ ಬಳ್ಳಾರಿಯಲ್ಲಿ ಯಾರನ್ನಾದರೂ ಕೇಳಿ, ‘ಹೆಂಗೈತಣ್ಣ?’ ಅಂತ. ‘ಫಸ್ಟ್ ಹಾಫ್ ಓಕೆ, ಸೆಕೆಂಡ್ ಹಾಫ್ ಲ್ಯಾಗ್’ ಅನ್ನೋ ಉತ್ತರ ತಯಾರಾಗಿರುತ್ತದೆ. ನಮ್ಮದು ಆಂಧ್ರದ ಗಡಿ ಪಕ್ಕದ ಊರಲ್ವಾ, ತೆಲುಗು ಪಿಕ್ಚರ್ ನೋಡುವವರೂ ಜಾಸ್ತಿ. ಅವರ ಬಾಯಲ್ಲೂ ಇದೇ ಪದ. ಈ ಒಂದು ಮಾತು ಕೇಳಿ ಪಕ್ಕದ ಮನೆಯವರು ಆ ಪಿಕ್ಚರ್ ಕಡೆ ತಿರುಗಿಯೂ ನೋಡುವುದಿಲ್ಲ. ಅದಕ್ಕೇ ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕು ಅನಿಸಿತು.

ಇಂಗ್ಲಿಷಿನ ಲ್ಯಾಗ್‌ಗೆ ಮೂಲ ಅರ್ಥ ಹಿಂದೆ ಬೀಳುವುದು. ಮೊಬೈಲ್‌ನಲ್ಲಿ ಗೇಮ್ ಆಡುವ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಬೆರಳು ಒತ್ತಿ ಆಗಿರುತ್ತದೆ, ಪರದೆ ಮೇಲಿನ ಆಳು ಇನ್ನೂ ಓಡಿರುವುದಿಲ್ಲ. ನಡುವಿನ ಆ ತಡವೇ ಲ್ಯಾಗ್. ಸಿನಿಮಾ ಮಾತಿನಲ್ಲೂ ಒಳಗಿನ ಅರ್ಥ ಇದೇ. ನಮ್ಮ ಮನಸ್ಸು ಮುಂದೆ ಹೋಗಿ ನಿಂತಿದೆ, ಕತೆ ಇನ್ನೂ ಹಿಂದೆಯೇ ಇದೆ.

ನಮ್ಮ ಕಡೆ ಮೊದಲು ಇದಕ್ಕೆ ‘ಭಾಳ ಎಳದಾರೆ’ ಅನ್ನುತ್ತಿದ್ದರು. ‘ಜಗ್ಗಿಬಿಟ್ಟಾರೆ’ ಅಂತಲೂ ಇತ್ತು. ‘ರಬ್ಬರ್ ಎಳೆದಂಗೆ ಎಳದಾರೆ’ ಅಂತ ಈಗಲೂ ಅನ್ನುತ್ತಾರೆ. ಈ ಮಾತುಗಳಿಗೂ ಲ್ಯಾಗ್‌ಗೂ ಒಂದು ವ್ಯತ್ಯಾಸ ಇದೆ, ನನಗೆ ಅದು ಮುಖ್ಯ. ‘ಎಳದಾರೆ’ ಅಂದರೆ ಎಳೆದವರು ಒಬ್ಬರಿದ್ದಾರೆ: ಡೈರೆಕ್ಟರೋ, ಎಡಿಟರೋ. ‘ಲ್ಯಾಗ್ ಐತೆ’ ಅಂದಾಗ ಅದು ಯಾರಿಂದ ಆಯಿತು ಅನ್ನುವುದು ಆ ಮಾತಿನಲ್ಲಿಲ್ಲ. ಮನೆಯಲ್ಲಿ ಕೂತು ನೋಡುವಾಗ ನಾವು ಕೇಳಿಕೊಳ್ಳಬೇಕಾದದ್ದು ಅದನ್ನೇ.

ನಿಜವಾದ ಲ್ಯಾಗ್ ಹೇಗಿರುತ್ತದೆ? ಹೀರೋನ ಅಪ್ಪ ಸಾಲದಿಂದ ಸತ್ತ ಅಂತ ಊರಿನ ಹಿರಿಯ ಒಬ್ಬ ಹೇಳುತ್ತಾನೆ. ನಮಗೆ ಗೊತ್ತಾಯಿತು. ಆಮೇಲೆ ಅದನ್ನೇ ಹತ್ತು ನಿಮಿಷ ಫ್ಲ್ಯಾಶ್‌ಬ್ಯಾಕ್‌ನಲ್ಲಿ ತೋರಿಸುತ್ತಾರೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಅದೇ ದುಃಖದ ಮೇಲೆ ಒಂದು ಹಾಡು. ಮೂರು ಸಲ ಹೇಳಿದ್ದೂ ಒಂದೇ ವಿಷಯ. ಎರಡನೇ ಸಲ, ಮೂರನೇ ಸಲ ಹೊಸದೇನೂ ಸಿಗಲಿಲ್ಲ. ಇದನ್ನು ಲ್ಯಾಗ್ ಅಂದರೆ ನ್ಯಾಯ.

ಆದರೆ ಉದ್ದ ಇದ್ದದ್ದೆಲ್ಲ ಲ್ಯಾಗ್ ಅಲ್ಲ, ನಿಧಾನ ಇದ್ದದ್ದೂ ಲ್ಯಾಗ್ ಅಲ್ಲ. ನಮ್ಮ ಹಳ್ಳಿಗಳ ದೊಡ್ಡಾಟ ನೆನಪು ಮಾಡಿಕೊಳ್ಳಿ. ರಾತ್ರಿ ಶುರುವಾದರೆ ಬೆಳಕು ಹರಿಯುವವರೆಗೂ ನಡೆಯುತ್ತದೆ. ಕತೆ ಎಲ್ಲರಿಗೂ ಬಾಯಿಪಾಠ. ದುರ್ಯೋಧನನ ತೊಡೆ ಮುರಿಯುತ್ತದೆ ಅಂತ ಚಾಪೆ ಮೇಲೆ ಕೂತ ಮಗುವಿಗೂ ಗೊತ್ತು. ಆದರೂ ಅವನು ಹೆಜ್ಜೆ ಹಾಕುತ್ತಾ ಬಂದು ನಿಂತು, ಹಾಡಿ, ಮಾತು ಶುರು ಮಾಡುವವರೆಗೆ ಜನ ಕಾಯುತ್ತಾರೆ. ಆ ಕಾಯುವುದರಲ್ಲೇ ಸುಖ ಇದೆ. ಹಾಗಾಗಿ ‘ಮುಂದೇನು ಅಂತ ಮೊದಲೇ ಗೊತ್ತಾಯ್ತು, ಅದಕ್ಕೆ ಲ್ಯಾಗ್’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಗೊತ್ತಿರುವುದನ್ನೇ ನೋಡುವಾಗಲೂ ಮನಸ್ಸಿಗೆ ಹೊಸದೊಂದು ತಾಗಬಹುದು. ಅದು ತಾಗದೇ ಹೋದ ಹೊತ್ತೇ ಲ್ಯಾಗ್.

ಇನ್ನು ಮನೆಯ ವಿಷಯ. 2020ರ ಜುಲೈನಲ್ಲಿ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಥಿಯೇಟರ್‌ಗೆ ಬಾರದೆ ನೇರವಾಗಿ ಅಮೆಜಾನ್ ಪ್ರೈಮ್ ವಿಡಿಯೋದಲ್ಲಿ ಬಿಡುಗಡೆಯಾದವು. ಕೊರೊನಾ ಕಾಲ, ಥಿಯೇಟರ್ ಬಾಗಿಲು ಹಾಕಿತ್ತು. ಆಗಿನಿಂದ ಹೊಸ ಪಿಕ್ಚರನ್ನು ಮೊದಲ ಸಲ ಮನೆಯಲ್ಲೇ ನೋಡುವುದು ನಮಗೆ ರೂಢಿಯಾಗಿದೆ.

ಹೋದ ಏಪ್ರಿಲ್‌ನ ಒಂದು ಭಾನುವಾರದ ಮಧ್ಯಾಹ್ನ ಹೇಳುತ್ತೇನೆ. ಬಳ್ಳಾರಿಯ ಏಪ್ರಿಲ್ ಅಂದರೆ ಗೊತ್ತಲ್ಲ, ಕೂಲರ್ ಇಲ್ಲದೆ ಹಾಲ್‌ನಲ್ಲಿ ಕೂರುವ ಹಾಗಿಲ್ಲ. ಅಕ್ಕ ಒಗ್ಗರಣೆ ಮಂಡಕ್ಕಿ ಕಲಸಿಟ್ಟಿದ್ದಳು, ಜೊತೆಗೆ ಮಿರ್ಚಿ. ಹಿಂದಿನ ಶುಕ್ರವಾರವಷ್ಟೇ ಬಂದಿದ್ದ ಪಿಕ್ಚರ್ ಹಾಕಿದೆವು. ಅದರಲ್ಲಿ ಒಂದು ದೃಶ್ಯ. ತಾಯಿ ಅಡುಗೆಮನೆಯಲ್ಲಿ ಒಬ್ಬಳೇ ಇದ್ದಾಳೆ. ಮಾತಿಲ್ಲ. ನಾವು ಮಿರ್ಚಿ ಮುರಿಯುತ್ತಾ ಕಾದೆವು. ಏನೂ ಆಗಲಿಲ್ಲ. ‘ಏನೋ ಇದು, ಇಷ್ಟು ಲ್ಯಾಗ್ ಐತೆ, ಓಡಿಸು ಮುಂದಕ್ಕೆ’ ಅಂದಳು ಅಕ್ಕ. ನಾನು ಹತ್ತು ಸೆಕೆಂಡಿನ ಬಟನ್ ನಾಲ್ಕು ಸಲ ಒತ್ತಿದೆ.

ಅವತ್ತು ರಾತ್ರಿ ಅದೇ ಪಿಕ್ಚರನ್ನು ಮಹಡಿ ಮೇಲೆ, ಮೊಬೈಲ್‌ನಲ್ಲಿ, ಇಯರ್‌ಫೋನ್ ಹಾಕಿಕೊಂಡು ಮತ್ತೆ ನೋಡಿದೆ. ಅಡುಗೆಮನೆ ದೃಶ್ಯ ಬಂತು. ಅದರಲ್ಲಿ ಮಾತಿಲ್ಲ, ಆದರೆ ಸದ್ದಿತ್ತು. ಹೊರಗೆ ಒಂದು ಬೈಕ್ ಬಂದು ನಿಲ್ಲುತ್ತದೆ. ತಾಯಿಯ ಕೈಯಲ್ಲಿದ್ದ ಸೌಟು ನಿಲ್ಲುತ್ತದೆ. ಬೈಕ್ ಮತ್ತೆ ಶುರುವಾಗಿ ಮುಂದೆ ಹೋಗುತ್ತದೆ. ಅವಳು ಮತ್ತೆ ಸಾರು ತಿರುವುತ್ತಾಳೆ. ಬಂದದ್ದು ಮಗ ಅಲ್ಲ. ಪಿಕ್ಚರಿನ ಜೀವವೇ ಆ ದೃಶ್ಯದಲ್ಲಿತ್ತು. ಮಧ್ಯಾಹ್ನ ಕೂಲರ್ ಸದ್ದಿಗೆ ಆ ಬೈಕ್ ನಮಗೆ ಕೇಳಿಸಿಯೇ ಇರಲಿಲ್ಲ. ಲ್ಯಾಗ್ ಇದ್ದದ್ದು ನಮ್ಮ ಹಾಲ್‌ನಲ್ಲಿ. ಬೆಳಿಗ್ಗೆ ಅಕ್ಕನನ್ನು ಕೂರಿಸಿ ಅದೊಂದು ದೃಶ್ಯ ತೋರಿಸಿದೆ. ‘ಅಯ್ಯೋ ಪಾಪ’ ಅಂದಳು, ಅಷ್ಟೇ. ಆಮೇಲೆ ಪೂರ್ತಿ ನೋಡಿದಳು.

ಥಿಯೇಟರ್‌ನಲ್ಲಿ ಸದ್ದು ಸುತ್ತಲಿಂದ ಬರುತ್ತದೆ, ಕತ್ತಲೆ ಇರುತ್ತದೆ, ಎದ್ದು ಹೋಗಲು ಆಗುವುದಿಲ್ಲ. ಅಲ್ಲಿ ತುಂಬಿಕೊಂಡಂತೆ ಅನಿಸುವ ಮೌನ ಟಿವಿಯ ಸಣ್ಣ ಸ್ಪೀಕರ್‌ನಲ್ಲಿ ಖಾಲಿ ಅನಿಸುತ್ತದೆ.

ಇಂಟರ್ವಲ್ ಕೂಡ ಒಂದು ಕಾರಣ. ನಮ್ಮ ಪಿಕ್ಚರ್‌ಗಳನ್ನು ಬರೆಯುವಾಗಲೇ ನಡುವೆ ಒಂದು ನಿಲುಗಡೆ ಇಟ್ಟುಕೊಂಡು ಬರೆಯುತ್ತಾರೆ. ಅಲ್ಲಿಗೆ ಕತೆ ಒಂದು ಏಟು ಕೊಟ್ಟು ನಿಲ್ಲುತ್ತದೆ. ಜನ ಹೊರಗೆ ಹೋಗಿ, ಟೀ ಕುಡಿದು, ಒಬ್ಬೊಬ್ಬರೇ ಒಳಗೆ ಬರುತ್ತಾರೆ. ಅಷ್ಟು ಹೊತ್ತು ಪರದೆ ಮೇಲೆ ಹಗುರವಾದ ಏನೋ ಒಂದು ನಡೆಯುತ್ತಿರುತ್ತದೆ: ಒಂದು ಕಾಮಿಡಿ, ಇಲ್ಲ ಒಂದು ಹಾಡು. ಮನೆಯಲ್ಲಿ ಇಂಟರ್ವಲ್ ಕಾರ್ಡ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿಬಿಡುತ್ತದೆ. ಏಟಿನ ಬಿಸಿ ಆರುವ ಮೊದಲೇ ಆ ಹಗುರವಾದ ದೃಶ್ಯ ಬಂದು ಕೂರುತ್ತದೆ. ‘ಸೆಕೆಂಡ್ ಹಾಫ್ ಲ್ಯಾಗ್’ ಅನ್ನುವ ಮಾತಿನಲ್ಲಿ ಇದರ ಪಾಲು ದೊಡ್ಡದು ಅನ್ನುವುದು ನನ್ನ ಅನಿಸಿಕೆ. ನಾನು ಈಗ ಮನೆಯಲ್ಲೂ ಅಲ್ಲಿ ಪಾಜ್ ಒತ್ತಿ, ಎದ್ದು ಹೋಗಿ ನೀರು ಕುಡಿದು ಬರುತ್ತೇನೆ. ನಿಜಕ್ಕೂ ಫರಕ್ ಕಾಣುತ್ತದೆ.

ವೇಗ ಹೆಚ್ಚಿಸಿ ನೋಡುವವರೂ ಇದ್ದಾರೆ. ನೆಟ್‌ಫ್ಲಿಕ್ಸ್ 2019ರಲ್ಲಿ ಇದನ್ನು ಪರೀಕ್ಷೆಗೆ ಬಿಟ್ಟಾಗ ಹಾಲಿವುಡ್‌ನ ಕೆಲವು ಡೈರೆಕ್ಟರ್‌ಗಳು ಬಹಿರಂಗವಾಗಿ ವಿರೋಧಿಸಿದರು. ಆದರೂ 2020ರಲ್ಲಿ ಆಂಡ್ರಾಯ್ಡ್ ಫೋನ್‌ಗಳಿಗೆ ಅದು ಬಂತು, ಒಂದೂವರೆ ಪಟ್ಟಿನವರೆಗೆ. ಲೆಕ್ಕ ಹಾಕಿ ನೋಡಿ. ನಟಿ ಆರು ಸೆಕೆಂಡ್ ಸುಮ್ನೆ ನಿಂತರೆ ನಮಗೆ ನಾಲ್ಕೇ ಸೆಕೆಂಡ್ ಸಿಗುತ್ತದೆ. ಆ ಎರಡು ಸೆಕೆಂಡಿನಲ್ಲಿ ಅವಳ ಕಣ್ಣು ತುಂಬುವುದಿತ್ತೋ ಏನೋ. ಅಡುಗೆ ವಿಡಿಯೋ, ಪಾಠದ ವಿಡಿಯೋ ಹಾಗೆ ನೋಡಿದರೆ ತೊಂದರೆ ಇಲ್ಲ. ಪಿಕ್ಚರನ್ನು ಹಾಗೆ ನೋಡಿ ಲ್ಯಾಗ್ ಅಂತ ಹೇಳುವುದು ಸರಿಯಲ್ಲ.

ಬೋರ್ ಮತ್ತು ಲ್ಯಾಗ್ ಬೇರೆ ಬೇರೆ. ಬೋರ್ ಅಂದರೆ ಪೂರ್ತಿ ಪಿಕ್ಚರ್ ಹಿಡಿಸಲಿಲ್ಲ ಅಂತ. ಲ್ಯಾಗ್‌ಗೆ ಒಂದು ಜಾಗ ಇರುತ್ತದೆ, ಇಲ್ಲಿಂದ ಇಲ್ಲಿಗೆ ಅಂತ ಬೆರಳಿಟ್ಟು ತೋರಿಸಬಹುದು. ಆ ಜಾಗ ಹೇಳಿಬಿಟ್ಟರೆ ಕೇಳಿದವರಿಗೂ ಉಪಕಾರ, ಪಿಕ್ಚರ್ ಮಾಡಿದವರಿಗೂ ನ್ಯಾಯ.

ಈಗ ನಮ್ಮ ಬೀದಿಯಲ್ಲಿ ಯಾರಾದರೂ ಕೇಳಿದರೆ ಅಕ್ಕ ಹೇಳುವುದು ಹೀಗೆ: ‘ಮದುವೆ ಹಾಡಿಂದ ಪೊಲೀಸ್ ಸ್ಟೇಷನ್‌ವರೆಗೂ ಲ್ಯಾಗ್ ಐತೆ. ಅಡುಗೆಮನೆ ಸೀನ್ ಬಂದಾಗ ಮಾತ್ರ ಕೂಲರ್ ಆಫ್ ಮಾಡಿ.’