ಇಲಿಮರಿಯ 6 ಗಂಟೆ, ನಿಮ್ಮ ಮಗುವಿನ 1 ಗಂಟೆ

ಎಳೆ ಮಗುವಿನ ಹರ್ನಿಯಾ ಆಪರೇಷನ್ ಅಂದ ಕೂಡಲೇ ಮನೆಯವರು ಮೊಬೈಲ್ ತೆಗೆಯುತ್ತಾರೆ. ಅರಿವಳಿಕೆ ಕೊಟ್ಟರೆ ಮಿದುಳಿನ ನರಕೋಶ ಸಾಯುತ್ತವೆ ಎಂದು ಅದರಲ್ಲಿ ಬಂದಿರುತ್ತದೆ. "ಮಗು ದಡ್ಡ ಆಗ್ತದಾ ಡಾಕ್ಟ್ರೇ?" ಎಂದು ಅಜ್ಜಿ ಕೇಳುತ್ತಾರೆ.

ಸುದ್ದಿ ಪೂರ್ತಿ ಸುಳ್ಳಲ್ಲ. 2003ರಲ್ಲಿ ಒಂದು ಪ್ರಯೋಗ ಪ್ರಕಟವಾಯಿತು. ಹುಟ್ಟಿ 7 ದಿನವಾದ ಇಲಿಮರಿಗಳಿಗೆ ಮಿಡಜೋಲಮ್, ನೈಟ್ರಸ್ ಆಕ್ಸೈಡ್, ಐಸೋಫ್ಲೂರೇನ್ ಎಂಬ ಮೂರು ಅರಿವಳಿಕೆ ಮದ್ದುಗಳನ್ನು ಸೇರಿಸಿ 6 ಗಂಟೆ ಕೊಟ್ಟಿದ್ದರು. ಒಂದಕ್ಕೊಂದು ನಂಟು ಬೆಳೆಸಿಕೊಳ್ಳುವ ವಯಸ್ಸಿನಲ್ಲಿ ಅಷ್ಟು ಹೊತ್ತು ಸುಮ್ಮನಾಗಿಸಿದರೆ ನರಕೋಶಗಳು ತಾವಾಗಿಯೇ ಸಾಯುತ್ತವೆ. ಆದರೆ ಗಮನಿಸಿ, ಅದು 6 ಗಂಟೆ, ಅದೂ ಇಲಿಮರಿಗೆ. ನಿಮ್ಮ ಮಗುವಿಗೆ ಬೇಕಿರುವುದು ಸುಮಾರು 1 ಗಂಟೆ.

ಮಕ್ಕಳಲ್ಲೇ ನೋಡಿದ್ದೂ ಇದೆ. ಹರ್ನಿಯಾಕ್ಕೆಂದು ಬಂದ 722 ಹಸುಗೂಸುಗಳಲ್ಲಿ ಕೆಲವರಿಗೆ ಪೂರ್ತಿ ಮತ್ತು ಬರಿಸಿದರು, ಉಳಿದವರಿಗೆ ಎಚ್ಚರವಿದ್ದಂತೆಯೇ ಸೊಂಟದ ಕೆಳಗೆ ಮರಗಟ್ಟಿಸಿದರು. 5 ವರ್ಷವಾದಾಗ ಬುದ್ಧಿ ಅಳೆದರೆ ವ್ಯತ್ಯಾಸ ಕಾಣಲಿಲ್ಲ. 2019ರಲ್ಲಿ ಅದು ಪ್ರಕಟವಾಯಿತು. 3 ವರ್ಷದೊಳಗಿನ ಮಗುವಿಗೆ 3 ಗಂಟೆಗೂ ಮೀರಿ, ಇಲ್ಲವೇ ಮತ್ತೆ ಮತ್ತೆ ಕೊಡಬೇಕಾದರೆ ಮಾತು ಬೇರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಸಿದ್ದು ಅದನ್ನೇ.

ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾದವರ ಮನೆಯವರು ಇದೇ ಸುದ್ದಿ ಓದಿ ಗಾಬರಿಯಾಗುತ್ತಾರೆ. ಪೆಟ್ಟಾದ ಕೋಶಗಳಿಂದ ಗ್ಲುಟಮೇಟ್ ಎಂಬ, ನರಕೋಶಗಳನ್ನು ಕೆರಳಿಸುವ ರಾಸಾಯನಿಕ ವಿಪರೀತ ಸುರಿಯುತ್ತದೆ, ಅದರಿಂದ ಪಕ್ಕದ ಕೋಶಗಳೊಳಗೆ ಕ್ಯಾಲ್ಸಿಯಂ ನುಗ್ಗಿ ಅವೂ ಸಾಯುತ್ತವೆ. ಕೆಟಮೈನ್ ಎಂಬ ಅರಿವಳಿಕೆ ಮದ್ದು ಆ ದಾರಿಯನ್ನೇ ತಡೆಯುತ್ತದೆ. ಪ್ರಾಣಿಗಳಲ್ಲಿ ಇದರಿಂದ ಕೋಶ ಉಳಿದದ್ದುಂಟು. ಮನುಷ್ಯರಲ್ಲೂ ಹಾಗೇ ಎಂದು ನಾನು ಹೇಳಲಾರೆ. ಆದರೆ ಮದ್ದು ಒಂದೇ ಇರಬಹುದು, ವಯಸ್ಸು, ಹೊತ್ತು, ಪೆಟ್ಟು ಬದಲಾದರೆ ಪರಿಣಾಮವೂ ಬದಲಾಗುತ್ತದೆ, ಅಲ್ವಾ?

ಹೊಸನಗರ ಕಡೆಯ ಒಂದು ಮನೆಯವರು ಹೆದರಿ, "ಕೊಯ್ಲು ಮುಗೀಲಿ" ಎಂದು ಮಗುವಿನ ಹರ್ನಿಯಾ ಆಪರೇಷನ್ ಮುಂದೂಡಿದರು. ಒಂದು ರಾತ್ರಿ ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡು, ಮಗು ಹಸಿರು ವಾಂತಿ ಮಾಡುತ್ತಾ ಶಿವಮೊಗ್ಗಕ್ಕೆ ಬಂತು. ತುರ್ತು ಆಪರೇಷನ್. ಯಾವ ಮತ್ತಿಗೆ ಹೆದರಿದ್ದರೋ ಅದನ್ನೇ ಜಾಸ್ತಿ ಹೊತ್ತು ಕೊಡಬೇಕಾಯಿತು. ಮಗು ಚೇತರಿಸಿಕೊಂಡಿತು. ಆ ತಾಯಿಯ ಅಳು ನೋಡಲಾಗಲಿಲ್ಲ.

ಹೆದರಿಕೆ ಇದ್ದರೆ ಅರಿವಳಿಕೆ ವೈದ್ಯರನ್ನು ಕೇಳಿ. ಎಷ್ಟು ಹೊತ್ತು, ಎಷ್ಟು ಸಲ, ಸೊಂಟದ ಇಂಜೆಕ್ಷನ್ ಸಾಕೇ ಎಂದು ಕೇಳಿ. ಮಗು ತಿಂಗಳು ತುಂಬುವ ಮುಂಚೆ ಹುಟ್ಟಿದ್ದರೆ ನಾವು ಕೇಳುವ ಮುಂಚೆಯೇ ಹೇಳಿ.