‘ತಕ್ಕದ್ದು’ ಹೋಗಿ ‘ಬಹುದು’ ಬಂದಾಗ

ವಿರೋಧ ಪಕ್ಷದವರು ಹೇಳಿದ ಯೋಜನೆಯನ್ನು ಸರ್ಕಾರ ಎತ್ತಿಕೊಂಡಿತೆನ್ನಿ, ಮರುದಿನವೇ ಕೋಲಾರದಲ್ಲೊಂದು ಸುದ್ದಿಗೋಷ್ಠಿ: ‘ನಮ್ ಐಡಿಯಾನೇ ಕದ್ಬಿಟ್ರಣ್ಣ!’ ಆಡಳಿತ ಪಕ್ಷಕ್ಕೆ ಇದಕ್ಕಿಂತ ಹಗುರವಾದ ವಿರೋಧ ಇನ್ನೊಂದಿಲ್ಲ. ಪೂರ್ತಿ ಕದ್ದಿದ್ದರೆ ಜನಕ್ಕೆ ಒಳ್ಳೆಯದೇ ಆಯಿತು. ಅರ್ಧ ಕದ್ದು ಅರ್ಧ ಬಿಟ್ಟಾಗಲೇ ಕೆಡುಕು. ಬಿಟ್ಟ ಅರ್ಧ ಯಾವುದೆಂದು ಯಾರೂ ಓದುವುದಿಲ್ಲ.

ಡಿಎಂಕೆಯ ಸಂಸದ ತಿರುಚಿ ಶಿವ ಮಂಡಿಸಿದ ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ಖಾಸಗಿ ಮಸೂದೆ (ಸಚಿವರಲ್ಲದ ಸದಸ್ಯರು ತರುವ ಮಸೂದೆ) 2015ರ ಏಪ್ರಿಲ್ 24ರಂದು ರಾಜ್ಯಸಭೆಯಲ್ಲಿ ಪಾಸಾಯಿತು. ಆದರೆ 1970ರ ನಂತರ ಯಾವ ಖಾಸಗಿ ಮಸೂದೆಯೂ ಎರಡೂ ಸದನ ದಾಟಿ ಕಾನೂನಾಗಿಲ್ಲ, ಇದೂ ಆಗಲಿಲ್ಲ. 2016ರಲ್ಲಿ ಸರ್ಕಾರ ತನ್ನದೇ ಮಸೂದೆ ತಂದಿತು, 2019ರಲ್ಲಿ ಕಾಯ್ದೆ ಬಂತು. ವಿಷಯ ಅದೇ. ಶಿವ ಅವರ ಮಸೂದೆಯಲ್ಲಿದ್ದ ಮೀಸಲಾತಿ ಇಲ್ಲ, ವಿಶೇಷ ನ್ಯಾಯಾಲಯ ಇಲ್ಲ, ಆಯೋಗದ ಜಾಗದಲ್ಲಿ ಸಲಹೆ ಕೊಡುವ ರಾಷ್ಟ್ರೀಯ ಪರಿಷತ್ತು ಬಂದು ಕೂತಿದೆ.

ಹಾಗಾಗಿ, ವಿರೋಧ ಪಕ್ಷದವರೇ, ನಿಮ್ಮ ಕರಡನ್ನೂ ಸರ್ಕಾರದ್ದನ್ನೂ ಅಕ್ಕಪಕ್ಕ ಇಟ್ಟು, ಖಂಡಕ್ಕೆ ಖಂಡ ಓದಿ. ಮೊದಲು ನೋಡಬೇಕಾದ್ದು ವಾಕ್ಯದ ಕೊನೆ. ನೀವು ‘ಸಮಿತಿಯನ್ನು ರಚಿಸತಕ್ಕದ್ದು’ ಎಂದು ಬರೆದ ಕಡೆ ಅವರು ‘ರಚಿಸಬಹುದು’ ಎಂದಿರುತ್ತಾರೆ. ಇಡೀ ಮಸೂದೆಯಲ್ಲಿ ಬದಲಾಗಿದ್ದು ಅಷ್ಟೇ ಇರಬಹುದು, ಹೋಗಿದ್ದು ಮಾತ್ರ ಎಲ್ಲವೂ. ‘ತಕ್ಕದ್ದು’ ಇದ್ದರೆ ಸಮಿತಿ ಯಾಕೆ ಆಗಲಿಲ್ಲ ಎಂದು ಹೈಕೋರ್ಟಿನಲ್ಲಿ ಕೇಳಬಹುದು. ‘ಬಹುದು’ ಇದ್ದರೆ, ಇನ್ನೂ ಅಗತ್ಯ ಕಂಡುಬಂದಿಲ್ಲ ಎಂದು ಕಾರ್ಯದರ್ಶಿ ಒಂದು ಸಾಲು ಬರೆದು ಮುಗಿಸುತ್ತಾರೆ. ‘ಬಹುದು’ ಎಂಬುದನ್ನೂ ಕಡ್ಡಾಯವೆಂದು ನ್ಯಾಯಾಲಯಗಳು ಓದಿರುವುದುಂಟು. ಅದನ್ನು ನಂಬಿಕೊಂಡು ಕೂರಬೇಡಿ. ಆಮೇಲೆ ಗಡುವು ಇದೆಯೇ, ಲೆಕ್ಕಶೀರ್ಷಿಕೆ (ಬಜೆಟ್ಟಿನಲ್ಲಿ ಹಣ ತೋರಿಸುವ ಬಾಬ್ತು) ಇದೆಯೇ ನೋಡಿ.

ಇನ್ನು ‘ಪರಿಶೀಲಿಸಲಾಗುವುದು’. ಇದನ್ನು ಕೇಳಿ ಕೆಲವರು ಪಟಾಕಿ ಹೊಡೆಯುತ್ತಾರೆ, ಕೆಲವರು ಸಭಾತ್ಯಾಗ ಮಾಡುತ್ತಾರೆ. ಎರಡೂ ಬೇಡ. ಸದನದಲ್ಲಿ ಸಚಿವರು ಹಾಗೆಂದರೆ ಅದು ಭರವಸೆಯಾಗಬಹುದು, ಸರ್ಕಾರಿ ಭರವಸೆಗಳ ಸಮಿತಿಗೆ ಅದನ್ನು ಬೆನ್ನುಹತ್ತಿ ಕೇಳುವ ಅಧಿಕಾರವಿದೆ. ಲೋಕಸಭೆಯಲ್ಲಾದರೆ ಈಡೇರಿಸಲು ಮೂರು ತಿಂಗಳ ಗಡುವು. ಸದನದ ಮಾತು ದಾಖಲಾಗುವ ನಡಾವಳಿಯ ಆ ಪುಟ ಇಟ್ಟುಕೊಳ್ಳಿ.

ಪ್ರಶ್ನೆ ಸಡಿಲವಾದರೆ ಉತ್ತರವೂ ಸಡಿಲ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರು, ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದದ್ದು ಎರಡನೇ ಹಂತದ ಶುದ್ಧೀಕರಣವಾಗಿ. ‘ಮೂರನೇ ಹಂತ ಮಾಡುತ್ತೀರಾ?’ ಎಂದು ಕೇಳಿದರೆ ‘ಪರಿಶೀಲನೆಯಲ್ಲಿದೆ’ ಎಂದೇ ಬರುತ್ತದೆ. ಯಾವ ಘಟಕ, ದಿನಕ್ಕೆ ಎಷ್ಟು ದಶಲಕ್ಷ ಲೀಟರ್, ಕೆರೆಗೆ ಬೀಳುವ ನೀರಿನ ಬಿಒಡಿ (ನೀರಿನ ಸಾವಯವ ಮಾಲಿನ್ಯದ ಅಳತೆ) ಲೀಟರಿಗೆ ಎಷ್ಟು ಮಿಲಿಗ್ರಾಂ, ಯಾವ ವರ್ಷದ ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ಎಂದು ಬಿಡಿಬಿಡಿಯಾಗಿ ಕೇಳಿ. ಸಚಿವರು ಸದನದಲ್ಲೇ ಬಾಯಲ್ಲಿ ಉತ್ತರಿಸಬೇಕಾದ ಚುಕ್ಕೆ ಗುರುತಿನ ಪ್ರಶ್ನೆಯಾದರೆ ಉಪಪ್ರಶ್ನೆಗೂ ಅವಕಾಶ.

‘ಹಾಗಾದರೆ ನಾವೇ ಮಸೂದೆ ತರ್ತೀವಿ’ ಎನ್ನುವವರಿಗೆ: ರಾಜ್ಯದ ಬೊಕ್ಕಸದಿಂದ ಖರ್ಚಾಗುವ ಮಸೂದೆಗೆ ಸಂವಿಧಾನದ 207ನೇ ವಿಧಿಯಂತೆ ರಾಜ್ಯಪಾಲರ ಶಿಫಾರಸು ಬೇಕು, ಅಂದರೆ ಬಹುಮಟ್ಟಿಗೆ ಸಂಪುಟದ ಒಪ್ಪಿಗೆಯೇ. ಅದರ ಬದಲು ಸರ್ಕಾರದ ಮಸೂದೆಗೇ ಲಿಖಿತ ತಿದ್ದುಪಡಿ ಕೊಡಿ: ಇಂಥ ಖಂಡದ ಇಂಥ ಸಾಲಿನಲ್ಲಿ ‘ರಚಿಸಬಹುದು’ ಎಂಬುದರ ಬದಲು ‘ರಚಿಸತಕ್ಕದ್ದು’. ಧ್ವನಿಮತಕ್ಕೆ ಹಾಕಿದರೆ ಬಿದ್ದುಹೋಗುತ್ತದೆ, ಗೊತ್ತಿರುವುದೇ. ವಿಭಜನೆ, ಅಂದರೆ ಪರ-ವಿರೋಧ ಎಣಿಸುವ ಮತದಾನ ಕೇಳಿ, ಸಭಾಧ್ಯಕ್ಷರು ಒಪ್ಪಿದರೆ ಬೇಡ ಎಂದವರ ಲೆಕ್ಕ ನಡಾವಳಿಯಲ್ಲಿ ಉಳಿಯುತ್ತದೆ. ಸುದ್ದಿಗೋಷ್ಠಿಗೆ ಅದನ್ನು ಹಿಡಿದುಕೊಂಡು ಹೋಗಿ.